ಕೃಷ್ಣೆಯ ಒತ್ತಕ್ಷರ ಹುಡುಕುತ್ತಾ ಕ್ಯೂಜಿಐಎಸ್ ಒಳಗೆ

ಬಾಗಲಕೋಟೆ ಜಿಲ್ಲೆಯ ದೊಡ್ಡ ನದಿಗಳು ಮೂರು: ಕೃಷ್ಣಾ, ಘಟಪ್ರಭಾ, ಮಲಪ್ರಭಾ. ಮೂರರ ಹೆಸರಿನಲ್ಲೂ ಒಂದೊಂದು ಒತ್ತಕ್ಷರ ಇದೆ. ನಕ್ಷೆ ಮಾಡುವ ಮುಕ್ತ ತಂತ್ರಾಂಶವಾದ ಕ್ಯೂಜಿಐಎಸ್‌ನ ಸೋರ್ಸ್ ಕೋಡ್ ಓದಲು ನಾನು ಕೂತದ್ದು ಆ ಒತ್ತಕ್ಷರಗಳ ದೆಸೆಯಿಂದ.

ಹೊಟ್ಟೆಪಾಡಿಗೆ ನಾನು ವೆಬ್ ಡೆವಲಪರ್. ನವನಗರದ ಮನೆಯಿಂದಲೇ ಕೆಲಸ. ನಕ್ಷೆ ಮಾಡುವುದು ಹವ್ಯಾಸ. ಹಿಂದಿನ ಓಣಿಯ ಮಾಸ್ತರ್ ಒಬ್ಬರು ತಮ್ಮ ಶಾಲೆಯ ಗೋಡೆಗೆ ಕನ್ನಡದ ನಕ್ಷೆ ಬೇಕು ಎಂದರು. ಬಾಗಲಕೋಟೆ, ವಿಜಯಪುರ ಎರಡೂ ಜಿಲ್ಲೆ ಅದರಲ್ಲಿರಬೇಕು. 1997ರವರೆಗೆ ಅವೆರಡೂ ಒಂದೇ ಜಿಲ್ಲೆಯಾಗಿದ್ದವಲ್ಲ, ಅದಕ್ಕೆ. ಆಲಮಟ್ಟಿಯ ಹಿನ್ನೀರು ಎದ್ದು ಕಾಣಬೇಕು. ಹಳೇ ಊರಿನ ಎಷ್ಟೋ ಓಣಿಗಳನ್ನು ನುಂಗಿದ ನೀರು ಅದು, ನವನಗರ ಹುಟ್ಟಿದ್ದೇ ಅದರಿಂದ. ನದಿಗಳ ಗೆರೆಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಇಳಿಸಿಕೊಂಡೆ. ಅಲ್ಲಿ ಕನ್ನಡದ ಹೆಸರಿಗೆ ಬೇರೆಯದೇ ಟ್ಯಾಗ್ ಇರುತ್ತದೆ. ಖಾಲಿ ಇದ್ದ ಕಡೆ ನಾನೇ ತುಂಬಿದೆ. ನದಿ ಹೊರಳಿದಂತೆ ಹೆಸರೂ ಹೊರಳಲಿ ಎಂದು ಲೇಬಲ್‌ಗೆ ‘ಕರ್ವ್ಡ್’ ಆಯ್ಕೆ ಕೊಟ್ಟು, ಒಂದು ಪ್ರತಿ ತೆಗೆದು ಮಾಸ್ತರ್‌ಗೆ ತೋರಿಸಿದೆ.

ಅವರು ಕನ್ನಡಕ ಏರಿಸಿಕೊಂಡು ನೋಡಿದರು. “ತಮ್ಮಾ, ನದಿ ಚಲೋ ತಗದೀ. ಆದ್ರ ಇದೇನು, ಕೃ ಷ್ ಣಾ? ಹುಡುಗರು ಹಿಂಗ ಬರದ್ರ ನಾ ಮಾರ್ಕ್ಸ್ ಕಟ್ ಮಾಡ್ತೀನಿ.”

“ನೋಡ್ತೀನ್ರಿ ಸರ” ಅಂದೆ.

ಷ ಕೆಳಗೆ ಕೂರಬೇಕಾದ ಣ ಒತ್ತು ಮೇಲಕ್ಕೆ ಬಂದು ಪೂರ್ತಿ ಅಕ್ಷರವಾಗಿ ನಿಂತಿತ್ತು. ಘಟಪ್ರಭಾದ ‘ಪ್ರ’ ಕೂಡ ಪ್ ಮತ್ತು ರ ಆಗಿ ಒಡೆದಿತ್ತು. ಮಲಪ್ರಭಾದ್ದೂ ಅದೇ ಕತೆ. ಆದರೆ ವಿಜಯಪುರದ ಕಡೆಯ ಭೀಮಾ, ಡೋಣಿ ಎರಡೂ ಸರಿಯಾಗಿದ್ದವು. ಅವುಗಳಲ್ಲಿ ಒತ್ತಕ್ಷರವೇ ಇಲ್ಲ. ಫಾಂಟ್ ಬದಲಿಸಿದೆ, ಏನೂ ಆಗಲಿಲ್ಲ. ಊರುಗಳ ಹೆಸರು ಅಡ್ಡಡ್ಡ ಬರೆದಿದ್ದವು, ಅದೇ ಫಾಂಟಿನಲ್ಲಿ ಅವೆಲ್ಲ ಸರಿ. ಅಂದಮೇಲೆ ಫಾಂಟಿನದು ತಪ್ಪಲ್ಲ.

ಮೊದಲು ಪ್ರಾಜೆಕ್ಟ್ ಫೈಲನ್ನೇ ಬಿಚ್ಚಿ ನೋಡಿದೆ. ಕ್ಯೂಜಿಝಡ್ ಎಂದು ಕೊನೆಯಾಗುವ ಆ ಫೈಲು ಸುಮ್ನೆ ಒಂದು ಜಿಪ್. ಒಳಗೆ ಎಕ್ಸ್‌ಎಂಎಲ್ ಇದೆ. ಯಾವ ಲೇಯರ್ (ನಕ್ಷೆಯ ಒಂದೊಂದು ಪದರ) ಎಲ್ಲಿಂದ ಬಂತು, ಯಾವ ಬಣ್ಣ, ಲೇಬಲ್ ಹೇಗೆ, ಎಲ್ಲವೂ ಓದಬಹುದಾದ ಅಕ್ಷರಗಳಲ್ಲೇ ಇರುತ್ತದೆ. ನದಿಯ ಲೇಯರಿನಲ್ಲಿ ಪ್ಲೇಸ್‌ಮೆಂಟ್ ಎಂಬಲ್ಲಿ 3 ಇತ್ತು. ಅದನ್ನು 2 ಮಾಡಿ ತೆರೆದರೆ ಹೆಸರು ಬಾಗದೆ, ನದಿಯ ದಿಕ್ಕಿಗೆ ಓರೆಯಾಗಿ ನೆಟ್ಟಗೆ ಕೂತಿತು. ಒತ್ತಕ್ಷರವೂ ಸರಿಯಾಯಿತು. 3 ಎಂದರೆ ಕರ್ವ್ಡ್, 2 ಎಂದರೆ ಪ್ಯಾರಲಲ್. ಮಾಸ್ತರ್ ಕೆಲಸಕ್ಕೆ ಅಷ್ಟು ಸಾಕಿತ್ತು. ನನಗೆ ಸಾಕಾಗಲಿಲ್ಲ. ಬಾಗಿದರೆ ಒಡೆಯುತ್ತದೆ, ನೆಟ್ಟಗಿದ್ದರೆ ಒಡೆಯುವುದಿಲ್ಲ ಅಂದರೆ ಏನರ್ಥ? ಮುಕ್ತ ತಂತ್ರಾಂಶ ಅಲ್ವಾ, ತೆರೆದು ನೋಡಬಹುದು. ಜಿಪಿಎಲ್ ಲೈಸೆನ್ಸ್ ಇರುವುದೇ ಅದಕ್ಕೆ.

ತೆರೆದ ಮೊದಲ ದಿನ ಮಾತ್ರ ತಲೆ ಗಿರ್ರೆಂದಿತು. ಕ್ಯೂಜಿಐಎಸ್ ಬಹುಪಾಲು ಸಿ++ ಭಾಷೆಯಲ್ಲಿ, ಕ್ಯೂಟಿ ಎಂಬ ಲೈಬ್ರರಿಯ ಮೇಲೆ ಕಟ್ಟಿದ್ದು. ನನ್ನದು ಜಾವಾಸ್ಕ್ರಿಪ್ಟ್ ಮತ್ತು ಪೈಥಾನ್ ಕೈ. ಆದರೂ ಫೋಲ್ಡರುಗಳ ಹೆಸರು ನೋಡಿ ಸ್ವಲ್ಪ ಧೈರ್ಯ ಬಂತು. ಕೋರ್ ಎಂಬಲ್ಲಿ ಲೇಯರ್, ಜ್ಯಾಮಿತಿ, ನಕ್ಷೆ ಬಿಡಿಸುವ ಕೆಲಸ. ಜಿಯುಐ ಎಂಬಲ್ಲಿ ಬೇರೆ ತಂತ್ರಾಂಶಗಳಲ್ಲೂ ಬಳಸಬಹುದಾದ ಕಿಟಕಿ, ಬಟನ್, ನಕ್ಷೆಯ ಕ್ಯಾನ್ವಾಸ್. ಆ್ಯಪ್ ಎಂಬಲ್ಲಿ ನಾವು ದಿನಾ ತೆರೆಯುವ ಡೆಸ್ಕ್‌ಟಾಪ್ ತಂತ್ರಾಂಶ. ಪ್ರೊವೈಡರ್ಸ್, ಅನಾಲಿಸಿಸ್, ಸರ್ವರ್ ಬೇರೆ ಬೇರೆ. ಆ್ಯಪ್‌ಗೆ ಜಿಯುಐ ಗೊತ್ತು, ಜಿಯುಐಗೆ ಕೋರ್ ಗೊತ್ತು. ಕೋರ್‌ಗೆ ಮೇಲಿನ ಇಬ್ಬರೂ ಗೊತ್ತಿಲ್ಲ. ಕಿಟಕಿಯೇ ಇಲ್ಲದ ಸರ್ವರ್ ಅದೇ ಕೋರ್ ಬಳಸಿ ನಕ್ಷೆ ಬಿಡಿಸುವುದು ಹೀಗಾಗಿಯೇ. ಇದು ತಿಳಿದ ಮೇಲೆ ನನ್ನ ಹುಡುಕಾಟ ಕೋರ್‌ಗೆ ಇಳಿಯಿತು. ಉಳಿದ ಫೋಲ್ಡರುಗಳನ್ನು ಇವತ್ತಿಗೂ ನಾನು ಸರಿಯಾಗಿ ಓದಿಲ್ಲ, ಓದುವ ಅಗತ್ಯವೂ ಬಿದ್ದಿಲ್ಲ.

ಆ ಕೋಡಿನಿಂದ ಓಡುವ ತಂತ್ರಾಂಶ ಕಟ್ಟಿಕೊಂಡದ್ದು, ಅಂದರೆ ಬಿಲ್ಡ್ ಮಾಡಿದ್ದು, ಬೇಸಿಗೆಯಲ್ಲಿ. ಸಿಮೇಕ್, ನಿಂಜಾ ಎಂಬ ಎರಡು ಸಾಧನ ಬಳಸಿದೆ, ಜೊತೆಗೆ ಸಿಕ್ಯಾಶ್ ಹಾಕಿಕೊಂಡರೆ ಎರಡನೇ ಸಲದಿಂದ ಬೇಗ ಮುಗಿಯುತ್ತದೆ. ತ್ರೀಡಿ ಮತ್ತು ಸರ್ವರ್ ಭಾಗಗಳನ್ನು ಆಫ್ ಮಾಡಿದೆ. ಪ್ರೊಸೆಸರಿನ ಎಲ್ಲ ಕೋರ್‌ಗಳನ್ನೂ ಹಚ್ಚಿದರೆ ನನ್ನ ಲ್ಯಾಪ್‌ಟಾಪಿನ ಮೆಮರಿ ತುಂಬಿ ಕಂಪೈಲ್ ನಿಂತೇ ಹೋಗುತ್ತಿತ್ತು, ಒಂದೇ ಸಲಕ್ಕೆ ಎರಡೆರಡು ಫೈಲಿಗೆ ಇಳಿಸಿದ ಮೇಲೆ ಸಾಗಿತು. ನಡುವೆ ಕರೆಂಟೂ ಹೋಯಿತು. ನಿಂಜಾ ಮಾತ್ರ ನಿಂತಲ್ಲಿಂದ ಮುಂದುವರಿಸಿತು. ಅದಕ್ಕೊಂದು ನಮಸ್ಕಾರ.

ಬಿಲ್ಡ್ ಆಗುವ ತನಕ ಸುಮ್ಮನೆ ಕೂರಲಿಲ್ಲ. ಕ್ಯೂಜಿಐಎಸ್ ಒಳಗೆ ಪೈಥಾನ್ ಕನ್ಸೋಲ್ ಇದೆ. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಜೋಡಿಸುತ್ತಾರಲ್ಲ, ಹಾಗೆ ಸಿ++ಗೂ ಪೈಥಾನ್‌ಗೂ ಸಿಪ್ ಎಂಬ ಸಾಧನ ಕೊಂಡಿ ಹಾಕಿದೆ. ಸಿ++ನಲ್ಲಿರುವ ಕ್ಲಾಸುಗಳ ಹೆಸರೇ ಪೈಥಾನ್‌ನಲ್ಲೂ. ಎಲ್ಲವೂ ಕ್ಯೂಜಿಎಸ್ ಎಂಬ ಮೂರಕ್ಷರದಿಂದ ಶುರುವಾಗುತ್ತವೆ, ಇಲ್ಲಿ ಅದನ್ನು ಬಿಟ್ಟೇ ಬರೆಯುತ್ತೇನೆ. ಹೊಸಬರಿಗೆ ನನ್ನ ಸಲಹೆ ಇದು: ಕಂಪೈಲ್ ಮಾಡುವ ಮೊದಲು ಕನ್ಸೋಲಿನಲ್ಲಿ ಕೂತು ಕ್ಲಾಸುಗಳನ್ನು ಮಾತಾಡಿಸಿ. ಯಾರು ಯಾರನ್ನು ಹಿಡಿದುಕೊಂಡಿದ್ದಾರೆ ಎಂಬುದು ಅಲ್ಲೇ ಜಾಸ್ತಿ ತಿಳಿಯುತ್ತದೆ.

ನದಿಯ ಲೇಯರನ್ನು ಕ್ಲಿಕ್ ಮಾಡಿ, ನಿನ್ನ ಡೇಟಾ ಪ್ರೊವೈಡರ್ ಯಾರು ಎಂದು ಕೇಳಿದೆ. ‘ಓಜಿಆರ್’ ಎಂದು ಉತ್ತರ ಬಂತು. ಅಂದರೆ ವೆಕ್ಟರ್ ಲೇಯರ್ ಎಂಬ ಕ್ಲಾಸಿಗೆ ಫೈಲ್ ಓದಲು ಬರುವುದೇ ಇಲ್ಲ. ಆ ಕೆಲಸ ಪ್ರೊವೈಡರ್‌ನದು. ಶೇಪ್‌ಫೈಲ್, ಜಿಯೋಪ್ಯಾಕೇಜ್ ಇತ್ಯಾದಿ ನಕ್ಷೆಯ ಫೈಲುಗಳನ್ನು ಓಜಿಆರ್ ಪ್ರೊವೈಡರ್ ಜಿಡಾಲ್ ಲೈಬ್ರರಿಯ ಮೂಲಕ ಓದುತ್ತದೆ. ಪೋಸ್ಟ್‌ಜಿಐಎಸ್ ಎಂಬ ಡೇಟಾಬೇಸಿಗೆ ಬೇರೆ ಪ್ರೊವೈಡರ್, ಮೆಮರಿಯಲ್ಲೇ ಇರುವ ತಾತ್ಕಾಲಿಕ ಲೇಯರಿಗೆ ಬೇರೆ. ಈ ತಂತ್ರಾಂಶದ ಹುಟ್ಟೂ ಹಾಗೇ ಇದೆ. 2002ರಲ್ಲಿ ಅಲಾಸ್ಕಾದ ಗ್ಯಾರಿ ಶೆರ್ಮನ್ ಇದನ್ನು ಶುರು ಮಾಡಿದ್ದು ಲಿನಕ್ಸ್‌ನಲ್ಲಿ ಪೋಸ್ಟ್‌ಜಿಐಎಸ್ ದತ್ತಾಂಶ ನೋಡಲು. ಮೊದಲಿಗೆ ಅದಕ್ಕೆ ಬೇರೇನೂ ಓದಲು ಬರುತ್ತಿರಲಿಲ್ಲ. ಆಮೇಲೆ ಒಂದೊಂದೇ ಪ್ರೊವೈಡರ್ ಸೇರಿಕೊಂಡಿತು.

ಕೃಷ್ಣಾ ಎಂಬ ಹೆಸರನ್ನು ಪ್ರೊವೈಡರ್‌ನಿಂದ ತೆಗೆಸಿ ಉದ್ದ ಅಳೆದೆ. ಆರು ಬಂತು: ಕ, ಋಕಾರದ ಸುಳಿ, ಷ, ಹಲಂತ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ), ಣ, ದೀರ್ಘ. ಒಂದೂ ಕಳೆದುಹೋಗಿಲ್ಲ. ಅದೇ ನದಿಯನ್ನು ಮೆಮರಿ ಲೇಯರಿಗೆ ನಕಲು ಮಾಡಿದೆ, ಅಲ್ಲೂ ಲೇಬಲ್ ಒಡೆಯಿತು. ಅಂದರೆ ಪ್ರೊವೈಡರ್‌ನದೂ ತಪ್ಪಲ್ಲ.

ಇಲ್ಲೊಂದು ಅಡ್ಡ ಮಾತು. ಕನ್ನಡದಲ್ಲಿ ಕೆಲಸ ಮಾಡುವವರು ಶೇಪ್‌ಫೈಲ್ ಬಿಟ್ಟುಬಿಡಿ. ಅದರಲ್ಲಿ ಕಾಲಂ ಹೆಸರಿಗೆ ಹತ್ತೇ ಬೈಟ್ ಜಾಗ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ‘ಹಳ್ಳಿ’ ಎಂದು ಬರೆಯಲು ಹದಿನೈದು ಬೈಟ್ ಆಗುತ್ತದೆ, ಅಂದರೆ ಕಾಲಮ್ಮಿಗೆ ಹಳ್ಳಿ ಎಂದು ಹೆಸರಿಡಲೂ ಆಗುವುದಿಲ್ಲ. ಜಿಯೋಪ್ಯಾಕೇಜ್ ಒಳಗೆ ಇರುವುದು ಎಸ್‌ಕ್ಯೂಲೈಟ್, ಅಲ್ಲಿ ಈ ಕಿರಿಕಿರಿ ಇಲ್ಲ.

ಮುಂದಿನ ಅನುಮಾನ ರೆಂಡರರ್ ಮೇಲೆ. ನದಿಗೆ ನೀಲಿ ಗೆರೆ ಎಳೆಯುವುದು ಫೀಚರ್ ರೆಂಡರರ್. ಲೇಯರಿನ ಒಂದೊಂದು ನದಿಗೆ, ಊರಿಗೆ ಇಲ್ಲಿ ಫೀಚರ್ ಎನ್ನುತ್ತಾರೆ. ಸಿಂಬಾಲಜಿಯಲ್ಲಿ ‘ನೋ ಸಿಂಬಲ್ಸ್’ ಎಂದು ಆರಿಸಿದೆ. ನದಿ ಮಾಯವಾಯಿತು, ಹೆಸರು ಉಳಿಯಿತು, ಒಡೆದೇ ಉಳಿಯಿತು. ಗೆರೆ ಎಳೆಯುವವರು ಬೇರೆ, ಹೆಸರು ಬರೆಯುವವರು ಬೇರೆ ಎಂದು ಖಾತ್ರಿಯಾಯಿತು.

ಈ ಹೊತ್ತಿಗೆ ಬಿಲ್ಡ್ ಮುಗಿದಿತ್ತು. ಕೋಡ್ ಓಡುವುದನ್ನು ಹೆಜ್ಜೆಹೆಜ್ಜೆಗೂ ತೋರಿಸುವ ಡಿಬಗರ್ ಹಾಕಿ, ನಕ್ಷೆಯನ್ನು ಸ್ವಲ್ಪ ಸರಿಸಿದಾಗ ಏನೇನಾಗುತ್ತದೆ ಎಂದು ನೋಡುತ್ತಾ ಹೋದೆ. ಇಡೀ ಕೋಡಿನಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ. ಮ್ಯಾಪ್ ಕ್ಯಾನ್ವಾಸ್ ತಾನೇ ಏನನ್ನೂ ಬಿಡಿಸುವುದಿಲ್ಲ. ಎಷ್ಟು ಜಾಗ ತೋರಿಸಬೇಕು, ಚಿತ್ರ ಎಷ್ಟು ದೊಡ್ಡದು, ಯಾವ ಯಾವ ಲೇಯರ್, ಯಾವ ನಿರ್ದೇಶಾಂಕ ಪದ್ಧತಿ ಎಂದೆಲ್ಲ ಮ್ಯಾಪ್ ಸೆಟ್ಟಿಂಗ್ಸ್ ಎಂಬ ಒಂದು ಚೀಟಿಯಲ್ಲಿ ಬರೆದು, ರೆಂಡರರ್ ಜಾಬ್ ಕೈಗೆ ಕೊಡುತ್ತದೆ. ಜಾಬ್ ಒಂದೊಂದು ಲೇಯರಿಗೂ ಬೇರೆ ಬೇರೆ ಥ್ರೆಡ್‌ಗಳಲ್ಲಿ (ಏಕಕಾಲಕ್ಕೆ ಓಡುವ ಎಳೆಗಳಲ್ಲಿ) ಕೆಲಸ ಹಚ್ಚುತ್ತದೆ. ಪ್ರತಿ ಲೇಯರೂ ತನ್ನದೇ ಚಿತ್ರ ಬಿಡಿಸಿ ಕೊಡುತ್ತದೆ, ಕೊನೆಗೆ ಒಂದರ ಮೇಲೊಂದು ಕೂಡಿಸುತ್ತಾರೆ. 2014ರಲ್ಲಿ ಬಂದ 2.4ನೇ ಆವೃತ್ತಿಯಿಂದ ಹೀಗಿದೆ. ಅದಕ್ಕೂ ಮೊದಲು ಭಾರಿ ಲೇಯರ್ ಬಿಡಿಸುವಾಗ ಇಡೀ ಕಿಟಕಿ ಹೆಪ್ಪುಗಟ್ಟಿದ ಹಾಗೆ ನಿಲ್ಲುತ್ತಿತ್ತು.

ಥ್ರೆಡ್ ಅಂದಮೇಲೆ ಒಂದು ಭಯ ಇದ್ದೇ ಇರುತ್ತದೆ. ಬಿಡಿಸುತ್ತಿರುವಾಗಲೇ ನಾನು ಲೇಯರಿನ ಬಣ್ಣ ಬದಲಿಸಿದರೆ? ಅದಕ್ಕೆ ಇಲ್ಲಿ ಸೊಗಸಾದ ಏರ್ಪಾಡಿದೆ. ವೆಕ್ಟರ್ ಲೇಯರ್ ರೆಂಡರರ್ ಎಂಬುದು ಶುರುವಾಗುವಾಗಲೇ ಬಣ್ಣ, ಗೆರೆ, ಫೀಚರ್ ಓದುವ ದಾರಿ ಎಲ್ಲದರ ನಕಲು ಇಟ್ಟುಕೊಳ್ಳುತ್ತದೆ. ಆಮೇಲೆ ಮೂಲ ಲೇಯರಿನ ತಂಟೆಗೇ ಹೋಗುವುದಿಲ್ಲ. ವೆಬ್‌ನಲ್ಲಿ ಸ್ಟೇಟ್ ನಿಭಾಯಿಸಲು ನಾವು ಒದ್ದಾಡುವುದನ್ನು ನೆನೆದರೆ ಇದು ಎಷ್ಟು ನಿರಾಳ ಅನ್ನಿಸಿತು.

ಅಲ್ಲೇ ಇನ್ನೊಂದು ಸಂಗತಿ ಸಿಕ್ಕಿತು. ನನ್ನ ಪ್ರಾಜೆಕ್ಟ್ ಇದ್ದದ್ದು ಯುಟಿಎಂ ಎಂಬ ನಿರ್ದೇಶಾಂಕ ಪದ್ಧತಿಯ 43ನೇ ಉತ್ತರ ವಲಯದಲ್ಲಿ. 72ರಿಂದ 78 ಡಿಗ್ರಿ ಪೂರ್ವ ರೇಖಾಂಶದ ತನಕ ಅದರ ವ್ಯಾಪ್ತಿ, ಬೆಳಗಾವಿಯಿಂದ ವಿಜಯಪುರದವರೆಗೆ ನಮ್ಮ ಕಡೆಯದೆಲ್ಲ ಅದರೊಳಗೇ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ನದಿ ಇದ್ದದ್ದು ಅಕ್ಷಾಂಶ ರೇಖಾಂಶದಲ್ಲಿ. ಜಾಬ್ ಮೊದಲು ಪರದೆಯ ಚೌಕವನ್ನು ಲೇಯರಿನ ಪದ್ಧತಿಗೆ ತಿರುಗಿಸುತ್ತದೆ, ಆ ಚೌಕದೊಳಗಿನ ಫೀಚರ್‌ಗಳನ್ನಷ್ಟೇ ಕೊಡು ಎಂದು ಪ್ರೊವೈಡರ್‌ಗೆ ಹೇಳುತ್ತದೆ. ಬಂದದ್ದನ್ನು ಮತ್ತೆ ಪ್ರಾಜೆಕ್ಟಿನ ಪದ್ಧತಿಗೆ ತಂದು ಬಿಡಿಸುತ್ತದೆ. ಲೆಕ್ಕ ಮಾಡುವುದು ಪ್ರೋಜ್ ಲೈಬ್ರರಿ. ಕೂಡಲಸಂಗಮವನ್ನು ಹಿಗ್ಗಿಸಿ ನೋಡುತ್ತಿರುವಾಗ ಡೋಣಿಯನ್ನು ಯಾರೂ ಓದುವುದೇ ಇಲ್ಲ.

ಹೀಗೆ ಓದಿದ ಒಂದೊಂದು ಫೀಚರನ್ನೂ ಲೇಯರ್ ರೆಂಡರರ್ ಎರಡು ಕಡೆ ಕೊಡುತ್ತದೆ. ಒಂದು, ಗೆರೆ ಎಳೆಯುವವರಿಗೆ. ಇನ್ನೊಂದು, ಲೇಬಲ್ ಎಂಜಿನ್‌ಗೆ. ಲೇಬಲ್ ಎಂಜಿನ್ ಕೂಡಲೇ ಬರೆಯುವುದಿಲ್ಲ, ಹೆಸರು ನೋಂದಾಯಿಸಿಕೊಂಡು ಸುಮ್ಮನಿರುತ್ತದೆ. ಎಲ್ಲ ಲೇಯರ್‌ಗಳ ಹೆಸರು ಬಂದ ಮೇಲೆ ಪಾಲ್ ಎಂಬ ಭಾಗ ಕೆಲಸ ಶುರು ಮಾಡುತ್ತದೆ. ಒಂದೊಂದು ಹೆಸರಿಗೂ ಕೂರಬಹುದಾದ ಹಲವು ಜಾಗ ಹುಡುಕಿ, ಪ್ರತಿ ಜಾಗಕ್ಕೂ ಒಂದು ಬೆಲೆ ಕಟ್ಟಿ, ಒಂದರ ಮೇಲೊಂದು ಬೀಳದ ಹಾಗೆ ಆರಿಸುತ್ತದೆ. ಜಮಖಂಡಿ ಹೆಸರು ಕೃಷ್ಣೆಯ ಹೆಸರಿನ ಮೇಲೆ ಹತ್ತದಿರುವುದು ಈ ಪಾಲ್‌ನ ಕೃಪೆ.

ಬಾಗಿದ ಹೆಸರಿಗೆ ಜಾಗ ಹುಡುಕಬೇಕಾದರೆ ಇಡೀ ಹೆಸರಿನ ಅಗಲ ಗೊತ್ತಿದ್ದರೆ ಸಾಲದು. ಒಂದೊಂದು ಅಕ್ಷರದ ಅಗಲವೂ ಬೇಕು, ಯಾಕೆಂದರೆ ಒಂದೊಂದನ್ನೂ ಬೇರೆ ಬೇರೆ ಕೋನದಲ್ಲಿ ತಿರುಗಿಸಬೇಕು. ಕೋಡಿನಲ್ಲಿ ಕರ್ವ್ಡ್ ಎಂದು ಹುಡುಕುತ್ತಾ ಹೋದವನಿಗೆ ಕೊನೆಗೆ ಸಿಕ್ಕಿದ್ದು ಹೆಸರನ್ನು ತುಂಡು ಮಾಡುವ ಒಂದು ಪುಟ್ಟ ಫಂಕ್ಷನ್. ಸ್ಪ್ಲಿಟ್ ಟು ಗ್ರಾಫೀಮ್ಸ್ ಎಂದು ಅದರ ಹೆಸರು. ಹತ್ತಿಪ್ಪತ್ತು ಸಾಲೂ ಇಲ್ಲ. ಎಲ್ಲಿ ಕತ್ತರಿಸಬೇಕು ಎಂದು ಅದು ಕ್ಯೂಟಿಯ ಟೆಕ್ಸ್ಟ್ ಬೌಂಡರಿ ಫೈಂಡರ್ ಅನ್ನು ಕೇಳುತ್ತದೆ, ಅಲ್ಲಲ್ಲಿ ಕತ್ತರಿಸುತ್ತದೆ, ಅಷ್ಟೇ.

ಆ ಬೌಂಡರಿ ಫೈಂಡರ್ ಪೈಥಾನ್‌ನಿಂದಲೂ ಸಿಗುತ್ತದೆ. ಕನ್ಸೋಲಿಗೆ ಹೋಗಿ ಭೀಮಾ ಕೊಟ್ಟೆ. 2, 4 ಎಂದಿತು, ಅಂದರೆ ಎರಡನೇ ಮತ್ತು ನಾಲ್ಕನೇ ಚಿಹ್ನೆಯ ಬಳಿಕ ಕತ್ತರಿಸು ಎಂದು. ಭೀ, ಮಾ. ಸರಿ. ಕೃಷ್ಣಾ ಕೊಟ್ಟೆ. 2, 4, 6.

ಮಾಸ್ತರ್‌ಗೆ ಕಂಡಿದ್ದು ಇದೇ. ಕೃ, ಷ್, ಣಾ. ಬರಬೇಕಾದದ್ದು 2, 6. ಹೆಸರನ್ನು ನೆಟ್ಟಗೆ ಬರೆಯುವಾಗ ಆರೂ ಚಿಹ್ನೆಗಳು ಒಟ್ಟಿಗೆ ಹಾರ್ಫ್‌ಬಜ್ ಎಂಬ ಲೈಬ್ರರಿಗೆ ಹೋಗುತ್ತವೆ. ಷ, ಹಲಂತ, ಣ ಸಾಲಾಗಿ ಬಂದದ್ದನ್ನು ನೋಡಿ ಅದು ಫಾಂಟಿನಿಂದ ಒತ್ತು ತೆಗೆದು ಕೂರಿಸುತ್ತದೆ. ಬಾಗಿಸುವಾಗ ಒಂದೊಂದು ತುಂಡೂ ಬೇರೆ ಬೇರೆಯಾಗಿ ಹೋಗುತ್ತದೆ. ಷ್ ಒಂದೇ ಹೋದರೆ ಷ್ ಎಂದೇ ಬರುತ್ತದೆ, ಪಕ್ಕದಲ್ಲಿ ಣಾ ಇದೆ ಎಂದು ಪಾಪ ಅದಕ್ಕೇನು ಗೊತ್ತು.

ಹಾಗಾದರೆ ಕ್ಯೂಟಿ ಯಾಕೆ ಅಲ್ಲಿ ಕತ್ತರಿಸಿತು? ಅದು ಪಾಲಿಸುವುದು ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್ ಎಂಬ ಮಾನದಂಡದ ನಿಯಮವನ್ನು. ಆ ನಿಯಮದಲ್ಲಿ ಹಲಂತವು ಹಿಂದಿನ ವ್ಯಂಜನಕ್ಕೆ ಅಂಟಿಕೊಳ್ಳುತ್ತದೆ, ಮುಂದಿನದಕ್ಕಲ್ಲ. 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಇದಕ್ಕೆ ತಿದ್ದುಪಡಿ ಬಂತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಲ್ಲಿ ಸಂಯುಕ್ತಾಕ್ಷರ ಒಡೆಯಬಾರದು ಎಂದು ಹೊಸ ನಿಯಮ ಸೇರಿಸಿದರು. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ತೆಲುಗು ಇದೆ, ಕನ್ನಡ ಇಲ್ಲ! ಆ ಸಾಲನ್ನು ಓದಿ ಸ್ವಲ್ಪ ಹೊತ್ತು ಎದ್ದು ಓಡಾಡಿ ಬಂದೆ.

ಅಂದರೆ ಕ್ಯೂಟಿಯ ಹೊಸ ಆವೃತ್ತಿ ಬರಲಿ ಎಂದು ಕಾದು ಕೂರುವುದರಲ್ಲಿ ಅರ್ಥವಿಲ್ಲ. ನನ್ನ ಬ್ರಾಂಚಿನಲ್ಲಿ, ಅಂದರೆ ಕೋಡಿನ ನನ್ನದೇ ಪ್ರತಿಯಲ್ಲಿ, ಆ ಫಂಕ್ಷನ್‌ಗೆ ಒಂದು ಷರತ್ತು ಸೇರಿಸಿದೆ. ಹಿಂದಿನ ತುಂಡು ಕನ್ನಡದ ಹಲಂತದಲ್ಲಿ ಮುಗಿದು, ಮುಂದಿನದು ಕನ್ನಡದ ವ್ಯಂಜನದಿಂದ ಶುರುವಾದರೆ ಎರಡನ್ನೂ ಕೂಡಿಸು. ಮತ್ತೆ ಬಿಲ್ಡ್ ಮಾಡಿ ತೆರೆದೆ. ಆಲಮಟ್ಟಿಯ ಕೆಳಗೆ ಕೃಷ್ಣಾ ಎಂದು ಒತ್ತಿನ ಸಮೇತ ಹೊರಳಿತು.

ಒಂದು ಅನುಮಾನ ಇತ್ತು. ನಾವು ‘ಸ್ಟೇಷನ್‌ರೋಡ್’ ಎಂದು ಬರೆಯುವಾಗ ನ್ ಮತ್ತು ರೋ ಸೇರಿ ಒತ್ತಾಗಬಾರದು ಎಂದು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಟೈಪ್ ಮಾಡುವವರೆಲ್ಲರಿಗೂ ಗೊತ್ತು, ಝಡ್‌ಡಬ್ಲ್ಯೂಎನ್‌ಜೆ. ನನ್ನ ಷರತ್ತು ಅದನ್ನೂ ಕೂಡಿಸಿಬಿಟ್ಟರೆ? ಕೂಡಿಸಲಿಲ್ಲ. ಆ ಕಾಣದ ಅಕ್ಷರ ಹಿಂದಿನ ತುಂಡಿಗೇ ಅಂಟಿಕೊಳ್ಳುತ್ತದೆ, ಹಾಗಾಗಿ ಆ ತುಂಡು ಹಲಂತದಲ್ಲಿ ಮುಗಿಯುವುದೇ ಇಲ್ಲ. ಸ್ಟೇ ಒಂದಾಯಿತು, ನ್ ಮತ್ತು ರೋ ಬೇರೆಯೇ ಉಳಿದವು. ಪುಕ್ಕಟೆ ಸಿಕ್ಕ ಲಾಭ.

ಆದರೆ ಘಟಪ್ರಭಾ ಒಂದು ಕಡೆ ಕಾಣೆಯಾಯಿತು. ಬಾಗಿದ ಲೇಬಲ್‌ಗಳಲ್ಲಿ ಪಕ್ಕಪಕ್ಕದ ಅಕ್ಷರಗಳ ನಡುವಿನ ಕೋನಕ್ಕೆ ಒಂದು ಮಿತಿ ಇದೆ, ತಾನಾಗಿ ಇರುವುದು 25 ಡಿಗ್ರಿ. ತುಂಡುಗಳು ಕಡಿಮೆಯಾದಷ್ಟೂ ಒಂದೊಂದು ತುಂಡು ಅಗಲವಾಗುತ್ತದೆ, ತಿರುವಿನಲ್ಲಿ ಕೋನ ಹೆಚ್ಚುತ್ತದೆ. ನದಿ ಗಕ್ಕನೆ ಹೊರಳುವ ಜಾಗದಲ್ಲಿ ಮಿತಿ ಮೀರಿ ಹೆಸರೇ ಬೀಳುತ್ತಿರಲಿಲ್ಲ. ಮಿತಿಯನ್ನು ಸ್ವಲ್ಪ ಏರಿಸಿದ ಮೇಲೆ ಬಂತು. ಇಂಥದ್ದನ್ನೆಲ್ಲ ಯಾವ ದಾಖಲೆಯೂ ಹೇಳಿಕೊಡುವುದಿಲ್ಲ. ಆದರೆ ಪಾಲ್ ಒಳಗೆ ಓಡಾಡಿ ಬಂದವನಿಗೆ ಎಲ್ಲಿ ಕೈ ಹಾಕಬೇಕು ಎಂದು ಗೊತ್ತಿರುತ್ತದೆ.

ನನ್ನ ಮಟ್ಟಿಗೆ ಇದು ತೇಪೆ. ಸರಿಯಾದ ದಾರಿ ಬೇರೆ ಇದೆ: ಮೊದಲು ಇಡೀ ಹೆಸರನ್ನು ಹಾರ್ಫ್‌ಬಜ್‌ಗೆ ಕೊಟ್ಟು ಒತ್ತು, ಗುಣಿತ ಎಲ್ಲ ಕೂಡಿಸಿಕೊಂಡು, ಆಮೇಲೆ ಸಿಕ್ಕ ಗುಂಪುಗಳನ್ನು ಬಾಗಿಸುವುದು. ಯಾವ ಚಿಹ್ನೆಗಳು ಸೇರಿ ಒಂದು ಗುಂಪಾದವು ಎಂದು ಹಾರ್ಫ್‌ಬಜ್‌ಗೆ ಗೊತ್ತೇ ಇರುತ್ತದೆ. ಹಾಗೆ ಮಾಡಿದರೆ ಕನ್ನಡಕ್ಕೆಂದು ಬೇರೆ ಷರತ್ತೇ ಬೇಕಾಗುವುದಿಲ್ಲ. ಆದರೆ ಅದಕ್ಕೆ ಅಗಲ ಅಳೆಯುವ ಭಾಗ, ಬಿಡಿಸುವ ಭಾಗ ಎರಡನ್ನೂ ಮುಟ್ಟಬೇಕು. ಅಂಥ ದೊಡ್ಡ ಬದಲಾವಣೆಗೆ ಮೊದಲು ಪ್ರಸ್ತಾವ ಬರೆದು ಉಳಿದ ಡೆವಲಪರ್‌ಗಳ ಮುಂದೆ ಇಡುವ ಪದ್ಧತಿ ಇಲ್ಲಿದೆ, ಅದು ಒಳ್ಳೆಯದೇ.

ತೇಪೆಯನ್ನಾದರೂ ಕ್ಯೂಜಿಐಎಸ್‌ನವರಿಗೆ ಕಳಿಸಬೇಕಾದರೆ ಟೆಸ್ಟ್ ಬರೆಯಬೇಕು. ನಕ್ಷೆಯ ಟೆಸ್ಟ್‌ಗಳು ಬಹಳಷ್ಟು ಚಿತ್ರ ಹೋಲಿಸುವಂಥವು. ಬಿಡಿಸಿದ ಚಿತ್ರವನ್ನು ಮೊದಲೇ ಇಟ್ಟ ಚಿತ್ರದ ಜೊತೆ ಪಿಕ್ಸೆಲ್ ಪಿಕ್ಸೆಲ್ ತಾಳೆ ನೋಡುತ್ತವೆ. ಕನ್ನಡಕ್ಕೆ ಅದನ್ನು ಮಾಡಲು ಫಾಂಟನ್ನೂ ಜೊತೆಗೆ ಹೊತ್ತು ತಿರುಗಬೇಕು. ನಾನು ಸುಲಭದ ದಾರಿ ಹಿಡಿದೆ: ಪದ ಕೊಟ್ಟು, ಬಂದ ತುಂಡುಗಳನ್ನು ನೋಡುವುದು. ಅದಕ್ಕೆ ಪದಗಳ ಪಟ್ಟಿ ಬೇಕಿತ್ತು, ಮಾಸ್ತರ್‌ನ ಮನೆಗೆ ಹೋದೆ.

“ಒತ್ತಕ್ಷರದ ಶಬ್ದ ಬೇಕ್ರಿ ಸರ, ಭಾಳ ತೊಡಕಿನವು ಇರಬೇಕು.”

“ಅದಕ್ಕೇನು ಬರ” ಎಂದು ಅವರು ಹಳೇ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಬರೆಯುತ್ತಾ ಹೋದರು. ರಾಷ್ಟ್ರ, ಸ್ತ್ರೀ, ಲಕ್ಷ್ಮೇಶ್ವರ, ಅರ್ಘ್ಯ, ಕರ್ನಾಟಕ, ಕುಷ್ಟಗಿ, ಇಳಕಲ್ಲ, ಬಾದಾಮಿ. “ಬಾದಾಮಿಗೆ ಒತ್ತೇ ಇಲ್ಲಲ್ರಿ” ಎಂದೆ. “ಒತ್ತು ಇಲ್ಲದ್ದೂ ಒಂದು ಇರಬೇಕಲೇ, ಇಲ್ಲಂದ್ರ ಎಲ್ಲಾಕೂ ಒತ್ತು ಹಚ್ಚಿದ್ರ ಹೆಂಗ ಹಿಡೀತಿ?” ಎಂದರು.

ಮಾಸ್ತರ್ ಎಂದೂ ಕೋಡ್ ಬರೆದವರಲ್ಲ. ಬಾದಾಮಿಯನ್ನೂ ಟೆಸ್ಟಿಗೆ ಸೇರಿಸಿದೆ.